ಅಕ್ಷರದ ಅಳತೆ, ಚೌಕಟ್ಟಿನ ಅಳತೆ

ನಮ್ಮ ಮನೆಗಳಲ್ಲಿ ವಚನವನ್ನೋದುವ ಸಾಧನ ಬದಲಾಗಿದೆ. ಪೂಜಾಕೋಣೆಯ ಮಾಡದಲ್ಲಿ ಶುಭ್ರವಸ್ತ್ರದಲ್ಲಿ ಸುತ್ತಿಟ್ಟ ವಚನದ ಹೊತ್ತಗೆ ಇನ್ನೂ ಇದೆ, ಇರಲೂ ಬೇಕು. ಆದರೆ ನೌಕರಿಯ ನಿಮಿತ್ತ ಊರು ಬಿಟ್ಟ ಮಗ, ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಬಂದುಹೋಗುವ ಮಗಳು, ದೃಷ್ಟಿ ಮಂದವಾದ ಮೇಲೆ ಅಕ್ಷರವನ್ನು ಹಿಗ್ಗಿಸಿಕೊಂಡು ಓದಬಯಸುವ ಹಿರಿಯರು, ಇವರೆಲ್ಲರ ಕೈಯಲ್ಲಿ ಇಂದು ಇರುವುದು ಮೊಬೈಲ್. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೫ ಸಂಪುಟಗಳಾಗಿ ಹೊರತಂದ ಸಮಗ್ರ ವಚನ ಸಾಹಿತ್ಯವು ‘ವಚನ ಸಂಚಯ’ದಂಥ ಜಾಲತಾಣದ ಮೂಲಕ ಈಗ ಅಂಗೈಯಲ್ಲಿಯೇ ದೊರೆಯುತ್ತದೆ. ಒಂದು ಪದವನ್ನು ಕೊಟ್ಟರೆ ಸಾಕು, ಆ ಪದವಿರುವ ವಚನಗಳೆಲ್ಲ ಕ್ಷಣಾರ್ಧದಲ್ಲಿ ಕಣ್ಣೆದುರಿಗೆ ಬಂದು ನಿಲ್ಲುತ್ತವೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಮಠದ ಶಿವಾನುಭವ ಗೋಷ್ಠಿಯ ಕರೆ, ಜಾತ್ರೆಯ ಕಾರ್ಯಕ್ರಮ, ಎಲ್ಲವೂ ಅದೇ ಅಂಗೈಯಗಲದ ಗಾಜಿನ ಮೇಲೆ ಮೂಡುತ್ತವೆ.

ಇದು ಸಂತೋಷದ ಸಂಗತಿಯೇ. ಆದರೆ ಈ ಸೌಕರ್ಯದಲ್ಲಿಯೇ ಒಂದು ಕುಂದು ಅಡಗಿದೆ. ಎಷ್ಟೋ ಆ್ಯಪ್‌ಗಳಲ್ಲಿ ಕನ್ನಡದ ಸಾಲುಗಳು ಪೂರ್ತಿಯಾಗಿ ಕಾಣುವುದಿಲ್ಲ. ಅಕ್ಷರದ ತಲೆ ಇರುತ್ತದೆ, ಪಾದ ಇರುವುದಿಲ್ಲ. ‘ಬಸವಣ್ಣ’ ಎಂಬ ಹೆಸರು ‘ಬಸವಣ’ ಎಂದೂ, ‘ಅಕ್ಕ’ ಎಂಬುದು ‘ಅಕ’ ಎಂದೂ, ‘ಇಷ್ಟಲಿಂಗ’ವು ‘ಇಷಲಿಂಗ’ವೆಂದೂ ಕಾಣುತ್ತದೆ. ತಿಳಿದವರು ಊಹಿಸಿ ಓದಿಕೊಳ್ಳುತ್ತಾರೆ. ಆದರೆ ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವ ಮಗು, ಹೊರನಾಡಿನಲ್ಲಿ ಬೆಳೆದು ಮನೆಯಲ್ಲಿ ಮಾತ್ರ ಕನ್ನಡ ಕೇಳಿದ ಮೊಮ್ಮಗ, ಇವರು ಕಂಡದ್ದನ್ನೇ ನಿಜವೆಂದು ನಂಬುತ್ತಾರೆ. ಈ ಊನವು ಯಂತ್ರದ ದೋಷವಲ್ಲ, ಲಿಪಿಯ ದೋಷವಂತೂ ಅಲ್ಲವೇ ಅಲ್ಲ. ಆ್ಯಪಿನ ಪರದೆಯನ್ನು ರಚಿಸುವಾಗ ಪದರಗಳನ್ನು ಹೇಗೆ ಜೋಡಿಸಿದರು, ಅವುಗಳ ಸುತ್ತ ಗೆರೆಯನ್ನು ಎಲ್ಲಿ ಎಳೆದರು ಎಂಬುದರಿಂದ ಹುಟ್ಟಿದ್ದು. ನಮ್ಮ ಸಮಾಜದ ನೂರಾರು ಮನೆಗಳ ಮಕ್ಕಳು ಇಂದು ಇದೇ ಉದ್ಯೋಗದಲ್ಲಿರುವುದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಪದರದ ಮೇಲೆ ಪದರ

ಮೊಬೈಲಿನ ಪರದೆಯು ನೋಡುವವರಿಗೆ ಒಂದೇ ಚಿತ್ರದಂತೆ ಕಾಣುತ್ತದೆ. ರಚಿಸುವವರಿಗೆ ಅದು ಹಾಗಲ್ಲ. ಅವರ ಪಾಲಿಗೆ ಅದು ಒಂದರ ಮೇಲೊಂದು ಇಟ್ಟ ಅನೇಕ ತೆಳು ಹಾಳೆಗಳ ಅಡುಕು. ಮುಂಜಾನೆ ನಮ್ಮ ತಾಯಂದಿರು ಅಂಗಳವನ್ನು ಮೊದಲು ಸಾರಿಸಿ, ಅದರ ಮೇಲೆ ರಂಗೋಲಿಯ ಎಳೆಯನ್ನೆಳೆದು, ಎಳೆಗಳ ನಡುವೆ ಬಣ್ಣ ತುಂಬುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿ ರಂಗೋಲಿಯ ಮೇಲೆ ಸಾರಿಸಿದರೆ ರಂಗೋಲಿಯೇ ಉಳಿಯದು. ಪರದೆಯ ನಿಯಮವೂ ಇದೇ. ಮೊದಲು ಬರೆದದ್ದು ಕೆಳಗೆ, ಆಮೇಲೆ ಬರೆದದ್ದು ಮೇಲೆ. ಮೇಲಿನದು ಪಾರದರ್ಶಕವಾಗಿರದಿದ್ದರೆ ಕೆಳಗಿನದು ಮುಚ್ಚಿಹೋಗುತ್ತದೆ.

ಕಮಲಾಪುರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕ ಮನ್ನಣೆಯನ್ನು ಪಡೆದ ಬೆಳೆ. ಹುಮನಾಬಾದ್ ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಬ್ಬ ತರುಣ ಆ ಹಣ್ಣನ್ನು ನಗರದ ಗಿರಾಕಿಗಳಿಗೆ ಮಾರಲು ಒಂದು ಆ್ಯಪ್ ಮಾಡುತ್ತಾನೆಂದು ಭಾವಿಸಿರಿ. ಪರದೆಯ ಮೇಲೆ ಒಂದು ಚೀಟಿಯಷ್ಟು ಜಾಗ. ಎಲ್ಲಕ್ಕಿಂತ ಕೆಳಗೆ ಬಿಳಿಯ ಹಿನ್ನೆಲೆ. ಅದರ ಮೇಲೆ ಬಾಳೆಗೊನೆಯ ಚಿತ್ರ. ಚಿತ್ರದ ಕೆಳತುದಿಯಲ್ಲಿ, ಅಕ್ಷರ ಎದ್ದು ಕಾಣಲೆಂದು, ಕಪ್ಪು ಬಣ್ಣದ ತೆಳುಪಟ್ಟಿ. ಪಟ್ಟಿಯ ಮೇಲೆ ‘ಕೆಂಪು ಬಾಳೆಹಣ್ಣು’ ಎಂಬ ಅಕ್ಷರ. ಎಲ್ಲಕ್ಕೂ ಮೇಲೆ, ಸುತ್ತಲೂ ಒಂದು ಗೆರೆ. ಹೀಗೆ ಐದು ಪದರಗಳಾದವು. ಗಿರಾಕಿಗೆ ಕಾಣುವುದು ಒಂದೇ ಚೀಟಿ.

ಈ ಅಡುಕುವಿಕೆಗೆ ಬೇರೆ ಬೇರೆ ತಂತ್ರಾಂಶಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಆ್ಯಪಲ್ ಸಂಸ್ಥೆಯು ೨೦೧೯ರಲ್ಲಿ ಪರಿಚಯಿಸಿದ ಸ್ವಿಫ್ಟ್‌ಯುಐಯಲ್ಲಿ ಅದು ಜಡ್‌ಸ್ಟ್ಯಾಕ್. ಗೂಗಲ್‌ನ ಫ್ಲಟರ್‌ನಲ್ಲಿ ಬರಿಯ ಸ್ಟ್ಯಾಕ್. ಆಂಡ್ರಾಯ್ಡ್‌ನ ಹಳೆಯ ಪದ್ಧತಿಯಲ್ಲಿ ಫ್ರೇಮ್‌ಲೇಔಟ್, ಹೊಸ ಪದ್ಧತಿಯಾದ ಕಂಪೋಸ್‌ನಲ್ಲಿ ಬಾಕ್ಸ್. ಹೆಸರು ಯಾವುದಾದರೇನು, ಕೆಲಸ ಒಂದೇ.

ಗೆರೆಯ ಸ್ಥಾನ ಯಾವುದು?

ಪದರಗಳನ್ನು ಜೋಡಿಸುವುದು ಸುಲಭ. ಗೆರೆಯನ್ನು ಎಳೆಯುವುದು ನೋಡಲಿಕ್ಕೆ ಇನ್ನೂ ಸುಲಭ, ಆದರೆ ಅಡಚಣೆಗಳು ಹುಟ್ಟುವುದೆಲ್ಲ ಇಲ್ಲಿಯೇ. ಗೆರೆಗೆ ದಪ್ಪವಿದೆ. ಆ ದಪ್ಪವು ಯಾರ ಜಾಗದಲ್ಲಿ ಕುಳಿತುಕೊಳ್ಳಬೇಕು? ಒಳಗಿನದರ ಜಾಗದಲ್ಲೋ, ಹೊರಗೋ?

ಇಳಕಲ್ ಸೀರೆಯ ದಡಿಯನ್ನು ನೆನೆಯಿರಿ. ದಡಿಯು ಸೀರೆಯ ಅಗಲದೊಳಗೇ ನೇಯಲ್ಪಟ್ಟಿರುತ್ತದೆ. ದಡಿ ದೊಡ್ಡದಾದಷ್ಟೂ ಒಡಲಿನ ಭಾಗ ಕಿರಿದಾಗುತ್ತದೆ. ಸೀರೆಯ ಒಟ್ಟು ಅಗಲ ಮಾತ್ರ ಅಷ್ಟೇ. ಐಫೋನಿನ ಗೆರೆ ಇಂಥದು. ಅಲ್ಲಿ ಪ್ರತಿಯೊಂದು ನೋಟದ ಬೆನ್ನಿಗೂ ಒಂದು ಪದರವಿರುತ್ತದೆ. ಆ ಪದರಕ್ಕೆ ಗೆರೆಯ ದಪ್ಪವನ್ನೂ ಬಣ್ಣವನ್ನೂ ಹೇಳಿದರೆ, ಗೆರೆಯು ಪದರದ ಮೇರೆಯಿಂದ ಒಳಮುಖವಾಗಿ ಬರೆಯಲ್ಪಡುತ್ತದೆ. ಅಷ್ಟೇ ಅಲ್ಲ, ಆ ಪದರದ ಒಳಗಿರುವ ಚಿತ್ರ, ಅಕ್ಷರ, ಒಳಪದರಗಳೆಲ್ಲವುಗಳ ಮೇಲೆ ಅದು ಹಾಯುತ್ತದೆ. ಅಕ್ಷರವು ಮೇರೆಯ ತನಕ ಬಂದಿದ್ದರೆ ಗೆರೆ ಅಕ್ಷರವನ್ನು ತುಳಿದುಕೊಂಡೇ ಹೋಗುತ್ತದೆ. ಸ್ವಿಫ್ಟ್‌ಯುಐ, ಕಂಪೋಸ್ ಇವುಗಳಲ್ಲಿಯೂ ಗೆರೆಯು ತನಗೆಂದು ಜಾಗವನ್ನು ಕೇಳುವುದಿಲ್ಲ. ಇದ್ದ ಜಾಗದಲ್ಲಿಯೇ ತನ್ನನ್ನು ಬರೆದುಕೊಳ್ಳುತ್ತದೆ.

ಜಾಲಪುಟಗಳ ಪದ್ಧತಿ ಬೇರೆ. ಅಲ್ಲಿ ಗೆರೆಗೆ ತನ್ನದೇ ಆದ ಸ್ಥಳವಿದೆ. ಗೆರೆ ದಪ್ಪವಾದರೆ ಪೆಟ್ಟಿಗೆಯೇ ದೊಡ್ಡದಾಗುವುದು ಮೂಲನಿಯಮ, ಬೇಡವೆಂದರೆ ಹಾಗೆಂದು ಪ್ರತ್ಯೇಕವಾಗಿ ಹೇಳಬೇಕು. ಫ್ಲಟರ್‌ನ ಕಂಟೇನರ್ ಎಂಬ ಸಾಧನವಂತೂ ಗೆರೆಯ ದಪ್ಪದಷ್ಟು ಅಂತರವನ್ನು ತಾನೇ ಒಳಗಿನದಕ್ಕೆ ಬಿಟ್ಟುಕೊಡುತ್ತದೆ. ಒಂದು ಪದ್ಧತಿಯಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಹೋದಾಗ ಎಡವುವುದು ಈ ಕಾರಣದಿಂದ.

ಅಕ್ಷರ ಮತ್ತು ಗೆರೆಗಳ ನಡುವೆ ಬಿಡಬೇಕಾದ ಬಯಲಿಗೆ ಪ್ಯಾಡಿಂಗ್ ಎಂದು ಹೆಸರು. ಇದನ್ನು ವಿವರಿಸಲು ನಮ್ಮ ಮನೆಯ ಕರಡಿಗೆಗಿಂತ ಉತ್ತಮ ಉದಾಹರಣೆ ನಮಗೆ ತೋರುವುದಿಲ್ಲ. ಮಧ್ಯದಲ್ಲಿ ಇಷ್ಟಲಿಂಗ, ಅದರ ಸುತ್ತ ಮೃದುವಾದ ವಸ್ತ್ರ, ವಸ್ತ್ರದ ಹೊರಗೆ ಬೆಳ್ಳಿಯ ಕರಡಿಗೆ. ಅಕ್ಕಸಾಲಿಗರು ಮೊದಲು ಲಿಂಗದ ಅಳತೆ ಕೇಳುತ್ತಾರೆ, ವಸ್ತ್ರಕ್ಕೆಂದು ತುಸು ಸಡಿಲು ಹಿಡಿಯುತ್ತಾರೆ, ಆಮೇಲೆ ಬೆಳ್ಳಿಯನ್ನು ಕತ್ತರಿಸುತ್ತಾರೆ. ಕರಡಿಗೆಯನ್ನು ಮೊದಲೇ ಮಾಡಿಟ್ಟು, ಲಿಂಗವನ್ನು ಅದಕ್ಕೆ ಹೊಂದಿಸುವ ಮಾತನ್ನು ಯಾರೂ ಆಡಲಾರರು.

ಆ್ಯಪ್ ರಚನೆಯಲ್ಲಿ ಈ ಕ್ರಮವನ್ನು ಅಕ್ಷರಶಃ ಬರೆಯಬೇಕಾಗುತ್ತದೆ. ಸ್ವಿಫ್ಟ್‌ಯುಐಯಲ್ಲಿ ಮೊದಲು ಅಕ್ಷರ, ಅದರ ಮುಂದೆ ಪ್ಯಾಡಿಂಗ್, ಅದರ ಮುಂದೆ ಬಾರ್ಡರ್ ಎಂದು ಬರೆದರೆ ಬಯಲನ್ನು ಬಿಟ್ಟು ಹೊರಗೆ ಗೆರೆ ಬೀಳುತ್ತದೆ. ಮೊದಲು ಬಾರ್ಡರ್, ಆಮೇಲೆ ಪ್ಯಾಡಿಂಗ್ ಎಂದು ಬರೆದರೆ ಗೆರೆಯು ಅಕ್ಷರಕ್ಕೆ ಅಂಟಿಕೊಂಡು, ಬಯಲೆಲ್ಲ ಗೆರೆಯ ಹೊರಗೆ ವ್ಯರ್ಥವಾಗಿ ಬೀಳುತ್ತದೆ. ಪದಗಳು ಅವೇ, ಅಳತೆಗಳು ಅವೇ, ಹಿಂದುಮುಂದಾದುದು ಕ್ರಮ ಮಾತ್ರ. ಕಂಪೋಸ್‌ನಲ್ಲಿಯೂ ಕ್ರಮಕ್ಕೆ ಇಷ್ಟೇ ಮಹತ್ವ. ಅಲ್ಲಿ ಮಾತ್ರ ಹೊರಗಿನದನ್ನು ಮೊದಲು ಬರೆಯಬೇಕು, ಗೆರೆ ಮುಂದೆ, ಬಯಲು ಹಿಂದೆ.

ಕನ್ನಡದ ಕೆಳಮನೆ

ಇಷ್ಟು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡಕ್ಕೆ ಮಾತ್ರ ಇನ್ನೊಂದು ಸಂಗತಿಯುಂಟು. ಇಂಗ್ಲಿಷ್ ಅಕ್ಷರಗಳು ಸಾಲಿನ ಕೆಳಗೆ ಇಳಿಯುವುದು ಅಲ್ಪ. ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದ ಅಕ್ಷರಕ್ಕೆ ಒಂದು ಮೇಲ್ಮನೆ, ಒಂದು ನಡುಮನೆ, ಒಂದು ಕೆಳಮನೆ ಇವೆ. ಗುಡಿಸು, ಏತ್ವಗಳು ಮೇಲ್ಮನೆಯಲ್ಲಿ. ಒತ್ತಕ್ಷರಗಳು ಕೆಳಮನೆಯಲ್ಲಿ. ‘ವಸ್ತ್ರ’, ‘ಶಾಸ್ತ್ರ’, ‘ಲಕ್ಷ್ಮಿ’ ಇಂಥ ಪದಗಳಲ್ಲಿ ಒತ್ತಿಗೂ ಒತ್ತು ಬಂದು ಕೆಳಮನೆ ಇನ್ನಷ್ಟು ತುಂಬುತ್ತದೆ. ಐತ್ವದ ಚಿಹ್ನೆಯ ಒಂದು ಭಾಗವೂ ಕೆಳಗೇ ಇಳಿಯುವುದರಿಂದ, ಕೆಳಭಾಗ ಕತ್ತರಿಸಿದರೆ ‘ಕೈಲಾಸ’ವು ‘ಕೆಲಾಸ’ವಾಗುತ್ತದೆ. ಅರ್ಕಾವತ್ತು ಮಾತ್ರ ಪಕ್ಕದಲ್ಲಿ, ಸಾಲಿನ ಮೇಲೆಯೇ ನಿಲ್ಲುವುದರಿಂದ ಬದುಕಿಕೊಳ್ಳುತ್ತದೆ. ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಎರಡು ಒತ್ತುಗಳು ಹೋಗಿ ಒಂದು ಉಳಿಯುವುದು ಹೀಗೆ. ‘ಗುಹೇಶ್ವರ’ನಲ್ಲಿ ಇದ್ದ ಒಂದೂ ಹೋಗುತ್ತದೆ. ‘ಕೂಡಲಸಂಗಮದೇವ’ನಿಗೆ ಏನೂ ಆಗುವುದಿಲ್ಲ.

ಒತ್ತು ಹೋದರೆ ಅರ್ಥವೂ ಹೋಗುವುದುಂಟು. ‘ಕತ್ತೆ’ಯ ಒತ್ತು ಕಳಚಿದರೆ ‘ಕತೆ’. ‘ಹಳ್ಳಿ’ ಹೋಗಿ ‘ಹಳಿ’, ‘ಬಳ್ಳಿ’ ಹೋಗಿ ‘ಬಳಿ’, ‘ಪುಟ್ಟ’ ಹೋಗಿ ‘ಪುಟ’. ಎರಡೂ ಕನ್ನಡದ ಸಾಧುಪದಗಳೇ ಆದುದರಿಂದ, ಇಲ್ಲೇನೋ ತಪ್ಪಿದೆ ಎಂಬ ಸಂಶಯವೂ ಓದುಗನಿಗೆ ಬರಲಾರದು.

ಇಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಸ್ವಾರಸ್ಯವನ್ನು ಹೇಳಬೇಕು. ‘ಕಲಬುರಗಿ’ ಎಂಬ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ. ‘ಕಮಲಾಪುರ’ದಲ್ಲಿಯೂ ಇಲ್ಲ. ಜಿಲ್ಲೆಯ ೧೧ ತಾಲ್ಲೂಕುಗಳ ಹೆಸರುಗಳನ್ನು ಸಾಲಾಗಿ ಬರೆದು ನೋಡಿರಿ: ಆಳಂದ, ಅಫಜಲಪುರ, ಕಾಳಗಿ, ಸೇಡಂ, ಚಿಂಚೋಳಿ, ಶಹಾಬಾದ, ಜೇವರ್ಗಿ. ಯಾವುದಕ್ಕೂ ಕೆಳಮನೆಯಿಲ್ಲ. ಜೇವರ್ಗಿಗೆ ಇರುವುದು ಅರ್ಕಾವತ್ತು. ಒತ್ತಕ್ಷರವು ಸಾಲಿನಿಂದ ಕೆಳಗೆ ಇಳಿಯುವುದು ಚಿತ್ತಾಪುರ ಮತ್ತು ಯಡ್ರಾಮಿ ಎಂಬ ಎರಡೇ ಹೆಸರುಗಳಲ್ಲಿ. ನಮ್ಮ ಊರಿನ ತರುಣನು ತನ್ನ ಆ್ಯಪಿನಲ್ಲಿ ತಾಲ್ಲೂಕುಗಳ ಪಟ್ಟಿಯನ್ನು ಮಾಡಿ, ತನ್ನ ಊರಿನ ಹೆಸರನ್ನು ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆಯೆಂದು ನಿಶ್ಚಿಂತನಾಗಬಹುದು. ಯಡ್ರಾಮಿಯವರು ಮಾತ್ರ ತಮ್ಮ ಊರನ್ನು ‘ಯಡಾಮಿ’ ಎಂದು ಓದಿಕೊಳ್ಳಬೇಕಾಗುತ್ತದೆ.

ಯಂತ್ರದೊಳಗೆ ಅಕ್ಷರಕ್ಕೆ ಈ ಊನ ಇರುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿವೆ. ‘ಇಷ್ಟಲಿಂಗ’ ಎಂಬ ಪದವು ಅಲ್ಲಿ ೮ ಸಂಕೇತಗಳಾಗಿ ಇಡಲ್ಪಡುತ್ತದೆ. ಷಕಾರ, ಹಲಂತದ ಗುರುತು, ಟಕಾರ ಎಲ್ಲವೂ ಬಿಡಿಬಿಡಿಯಾಗಿ. ಪರದೆಗೆ ತರುವ ಹೊತ್ತಿನಲ್ಲಿ ಯಂತ್ರವು ಅವುಗಳನ್ನು ಕೂಡಿಸಿ ‘ಷ್ಟ’ ಎಂಬ ಒಂದು ಆಕೃತಿ ಮಾಡುತ್ತದೆ. ಅಲ್ಲಿಯ ತನಕ ಪದ ಪರಿಪೂರ್ಣ. ಅದಾದ ಮೇಲೆ, ಚೌಕಟ್ಟಿನಲ್ಲಿ ಕೂಡಿಸುವಾಗ, ಊನ ಬರುತ್ತದೆ.

ಆ ಊನ ಬರುವ ದಾರಿ ಮೂರು. ಒಂದು, ಕತ್ತರಿ ಬೀಳುವುದು. ಆಂಡ್ರಾಯ್ಡ್‌ನ ಹಳೆಯ ಪದ್ಧತಿಯಲ್ಲಿ, ಬೇಡವೆಂದು ಹೇಳದಿದ್ದರೆ, ಒಳಗಿನ ನೋಟವು ತನ್ನ ಮೇರೆಯನ್ನು ದಾಟಿದ್ದೆಲ್ಲ ಕತ್ತರಿಸಲ್ಪಡುತ್ತದೆ. ಎರಡು, ಮುಚ್ಚಿಹೋಗುವುದು. ಐಫೋನಿನಲ್ಲಿ ಪದರವು ತನ್ನ ಮೇರೆಯಾಚೆ ಚಾಚಿದ ಒಳಪದರವನ್ನು ತಾನಾಗಿ ಕತ್ತರಿಸುವುದಿಲ್ಲ. ಸಾಲಿನ ಚೌಕಕ್ಕಿಂತ ಅಕ್ಷರಪಟ್ಟಿ ಎತ್ತರವಾಗಿದ್ದರೆ ಅದು ಕೆಳಕ್ಕೆ ಇಣುಕುತ್ತದೆ. ಆದರೆ ಮುಂದಿನ ಸಾಲಿನ ಚೌಕವು ಆಮೇಲೆ ಬರೆಯಲ್ಪಡುವುದರಿಂದ ಅದರ ಬಿಳಿಯ ಹಿನ್ನೆಲೆ ಈ ಒತ್ತಕ್ಷರಗಳನ್ನು ಸಾರಿಸಿಬಿಡುತ್ತದೆ. ಈ ಪ್ರಸಂಗದಲ್ಲಿ ಪಟ್ಟಿಯ ಕಟ್ಟಕಡೆಯ ಸಾಲು ಮಾತ್ರ ಪೂರ್ತಿಯಾಗಿ ಕಾಣುವುದುಂಟು; ಅದರ ಕೆಳಗೆ ಮುಚ್ಚುವವರು ಯಾರೂ ಇಲ್ಲ. ಮೂರನೆಯದು, ಮೇಲೆ ಹೇಳಿದಂತೆ, ಗೆರೆಯೇ ಅಕ್ಷರದ ಮೇಲೆ ಹಾಯ್ದುಹೋಗುವುದು. ಮೂರಕ್ಕೂ ಔಷಧ ಬೇರೆ ಬೇರೆ ಆದುದರಿಂದ ಮೊದಲು ಯಾವುದೆಂದು ಗುರುತಿಸಬೇಕು.

ಸೀಸದ ಮೊಳೆ ಕಲಿಸಿದ್ದು

ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಪ್ರಕಟಿಸಿ, ೧೯೨೫ರಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ತೆರೆದುದು ನಮ್ಮ ಓದುಗರಿಗೆ ತಿಳಿದ ಸಂಗತಿ. ಆ ಕಾಲದ ಅಚ್ಚುಕೂಟದಲ್ಲಿ ಅಕ್ಷರವೆಂದರೆ ಸೀಸದ ಮೊಳೆ. ಒತ್ತಕ್ಷರಕ್ಕೂ ಕೈಯಲ್ಲಿ ಹಿಡಿಯಬಹುದಾದ ಮೈ ಇತ್ತು, ತೂಕವಿತ್ತು. ಮೊಳೆ ಜೋಡಿಸುವವರು ಒಂದು ಸಾಲನ್ನು ಕಟ್ಟಿ, ಮುಂದಿನ ಸಾಲಿಗೂ ಅದಕ್ಕೂ ನಡುವೆ ಸೀಸದ ತೆಳುಪಟ್ಟಿಯನ್ನಿಟ್ಟು, ಮುಂದಿನ ಸಾಲನ್ನು ಕಟ್ಟುತ್ತಿದ್ದರು. ಲಗ್ನಪತ್ರಿಕೆಯಾದರೆ ಎಲ್ಲವನ್ನೂ ಕಟ್ಟಿದ ಮೇಲೆ ಸುತ್ತಲೂ ಹೂಬಳ್ಳಿಯ ಬಾರ್ಡರ್ ಮೊಳೆಗಳು. ಲೋಹದೊಳಗೆ ಲೋಹ ಹೋಗದು. ಆದುದರಿಂದ ಒಂದು ಸಾಲು ಇನ್ನೊಂದು ಸಾಲನ್ನು ಮುಚ್ಚುವುದಾಗಲಿ, ಬಾರ್ಡರ್ ಬಂದು ಅಕ್ಷರದ ಮೇಲೆ ಕುಳಿತುಕೊಳ್ಳುವುದಾಗಲಿ ಅಲ್ಲಿ ಸಾಧ್ಯವೇ ಇರಲಿಲ್ಲ. ಮೊಳೆ ತೇಯ್ದು ಒತ್ತು ಮಸುಕಾಗಬಹುದಿತ್ತು, ಮುರಿಯಬಹುದಿತ್ತು. ಆದರೆ ಜಾಗ ಸಾಲದೆ ಕಾಣೆಯಾಗುತ್ತಿರಲಿಲ್ಲ.

ಬೆಳಕಿಗೆ ಈ ಸಂಕೋಚವಿಲ್ಲ. ಪರದೆಯ ಮೇಲೆ ಯಾವುದರ ಮೇಲೆ ಯಾವುದನ್ನಾದರೂ ಇಡಬಹುದು, ಯಂತ್ರ ಎದುರಾಡುವುದಿಲ್ಲ. ಅಚ್ಚುಕೂಟದಲ್ಲಿ ಲೋಹವೇ ವಹಿಸಿಕೊಂಡಿದ್ದ ಎಚ್ಚರವನ್ನು ಈಗ ಆ್ಯಪ್ ಬರೆಯುವವರು ವಹಿಸಬೇಕಾಗಿದೆ. ಹಳಕಟ್ಟಿಯವರ ಆ ಮಹಾಗ್ರಂಥದ ಹೆಸರು ಇಂದು ಗಿಡ್ಡವಾದ ಚೌಕಟ್ಟಿನಲ್ಲಿ ‘ವಚನಶಾಸಸಾರ’ ಎಂದು ಮೂಡಿದರೆ ಅದಕ್ಕೆ ಯಾರನ್ನು ಹೊಣೆ ಮಾಡಬೇಕು?

ಕುಗ್ಗಿಸಿದ ಅಕ್ಷರ, ಹಿಗ್ಗಿದ ಅಕ್ಷರ

ಸ್ವಲ್ಪ ಹಿಂದಿನ ಕತೆಯನ್ನು ನೋಡೋಣ. ಆಂಡ್ರಾಯ್ಡ್ ಮೊಬೈಲುಗಳಿಗೆ ಕನ್ನಡ ಲಿಪಿಯ ಬೆಂಬಲ ಬಂದುದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಆದರೆ ಅಷ್ಟರಲ್ಲಿ ಜಗತ್ತಿನ ಆ್ಯಪ್‌ಗಳೆಲ್ಲ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಚೌಕಟ್ಟುಗಳನ್ನು ಕಟ್ಟಿಯಾಗಿತ್ತು. ಆ ಚೌಕಟ್ಟುಗಳಲ್ಲಿ ಕನ್ನಡವನ್ನು ಕೂಡಿಸುವುದು ಹೇಗೆ? ಗೂಗಲ್‌ನವರು ಕಂಡುಕೊಂಡ ಉಪಾಯ, ಅಕ್ಷರಗಳನ್ನೇ ಕುಗ್ಗಿಸುವುದು. ಅವರ ನೋಟೋ ಎಂಬ ಅಕ್ಷರಮಾಲೆಯಲ್ಲಿ ಕನ್ನಡಕ್ಕೆ ಎರಡು ರೂಪಗಳಾದವು. ಓದಿಗೆ ಸಹಜವಾದ ಎತ್ತರದ್ದು ಒಂದು, ಗುಂಡಿ-ಪಟ್ಟಿಗಳ ಇಕ್ಕಟ್ಟಿನಲ್ಲಿ ಹಿಡಿಯುವಂತೆ ಮೇಲೆ ಕೆಳಗೆ ಒತ್ತಿ ಮಾಡಿದ್ದು ಇನ್ನೊಂದು. ತಾನಾಗಿ ಬಳಕೆಗೆ ಬರುತ್ತಿದ್ದುದು ಎರಡನೆಯದು. ೨೦೧೪ರ ೫.೦ ಆವೃತ್ತಿಯಿಂದ, ಸಹಜ ರೂಪ ಬೇಕಾದವರು ಹಾಗೆಂದು ಬರೆದು ಕೇಳಿಕೊಳ್ಳಬಹುದಾಗಿತ್ತು. ಕೇಳಿದವರು ಎಷ್ಟು ಮಂದಿಯೋ!

ಕುಗ್ಗಿಸಿದ್ದು ಮುರುಕು ಚೌಕಟ್ಟುಗಳಿಂದ ಅಕ್ಷರವನ್ನು ಬದುಕಿಸಿತು, ನಿಜ. ಆದರೆ ಒತ್ತಕ್ಷರಗಳು ಇರುವೆಯ ಗಾತ್ರಕ್ಕಿಳಿದು, ಹಿರಿಯರ ಕಣ್ಣಿಗೆ ತ-ನ-ಮಗಳ ಒತ್ತುಗಳಲ್ಲಿ ಭೇದ ಕಾಣದಾಯಿತು. ಇದನ್ನು ನಾವು ದೊಡ್ಡ ಉಪಕಾರವೆಂದು ಒಪ್ಪಲಾರೆವು.

ಬದಲಾವಣೆ ನಿಧಾನವಾಗಿ ಬಂದಿತು. ೨೦೧೮ರ ೯ನೆಯ ಆವೃತ್ತಿಯಲ್ಲಿ ಸಾಲಿನ ಎತ್ತರವನ್ನು ಲೆಕ್ಕ ಹಾಕುವಾಗ ಇಂಗ್ಲಿಷ್ ಅಕ್ಷರಮಾಲೆಯನ್ನಷ್ಟೇ ನೋಡದೆ, ನಿಜವಾಗಿ ಬರೆಯಲ್ಪಡುವ ಲಿಪಿಯ ಏರಿಳಿತವನ್ನೂ ಗಣಿಸುವ ಏರ್ಪಾಡಾಯಿತು. ೨೦೨೨ರ ೧೩ನೆಯ ಆವೃತ್ತಿಯು ಭಾಷೆಗೆ ತಕ್ಕಂತೆ ಸಾಲಿನ ಎತ್ತರವನ್ನು ಹೊಂದಿಸುವುದನ್ನು ಇನ್ನಷ್ಟು ಸುಧಾರಿಸಿತು. ೨೦೨೪ರ ೧೫ನೆಯ ಆವೃತ್ತಿಗೆ ಹೊಂದಿಸಿ ಬರೆದ ಆ್ಯಪ್‌ಗಳಲ್ಲಿ ಸಹಜ ರೂಪದ ಅಕ್ಷರವೇ ತಾನಾಗಿ ಬರತೊಡಗಿತು. ೨೦೨೫ರಲ್ಲಿ ಬಂದ ೧೬ನೆಯ ಆವೃತ್ತಿಗೆ ಹೊಂದಿಸಿ ಬರೆಯುವವರು ಕುಗ್ಗಿಸಿದ ರೂಪಕ್ಕೆ ಹಿಂದಿರುಗುವ ದಾರಿಯನ್ನೇ ಗೂಗಲ್ ಮುಚ್ಚಿದೆ. ಯಾವ ಲಿಪಿಗಳ ವಿಷಯದಲ್ಲಿ ಎಚ್ಚರದಿಂದಿರಬೇಕೆಂದು ಅದು ಆ್ಯಪ್ ರಚಿಸುವವರಿಗೆ ಕೊಟ್ಟ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳ, ಗುಜರಾತಿ, ಒಡಿಯಾ, ಅರಬ್ಬಿಗಳ ಜೊತೆಗೆ ಕನ್ನಡದ ಹೆಸರೂ ಇದೆ. (ನಮ್ಮ ನಗರದ ಉರ್ದು ಓದುಗರ ಕಷ್ಟ ಇದಕ್ಕೂ ಮಿಗಿಲು. ಮೇಲಿನಿಂದ ಓರೆಯಾಗಿ ಇಳಿದುಬರುವ ಅವರ ನಸ್ತಲೀಖ್ ಬರವಣಿಗೆಗೆ ಗಿಡ್ಡ ಚೌಕಟ್ಟು ಒಗ್ಗುವುದೇ ಇಲ್ಲ.)

ಇದು ನಮಗೆ ಶುಭವಾರ್ತೆ. ಆದರೆ ಇದರಲ್ಲಿಯೇ ಹೊಸ ಅಪಾಯವೂ ಇದೆ. ಅಕ್ಷರವು ತನ್ನ ಸಹಜ ಎತ್ತರಕ್ಕೆ ನಿಂತಿದೆ. ಚೌಕಟ್ಟನ್ನು ಗಟ್ಟಿ ಅಳತೆಯಲ್ಲಿ ಕಟ್ಟಿದ್ದ ಹಳೆಯ ಆ್ಯಪ್‌ಗಳನ್ನು ಹೊಸ ಆವೃತ್ತಿಗೆ ತರುವಾಗ, ಇದುವರೆಗೆ ಕುಗ್ಗಿ ಒಳಗಿದ್ದ ಒತ್ತಕ್ಷರಗಳು ಈಗ ಗೆರೆಗೆ ತಾಗುತ್ತವೆ. ನಿನ್ನೆಯವರೆಗೆ ಸರಿಯಾಗಿದ್ದ ವಚನದ ಪುಟ ನಾಳೆ ಕೆಡಬಹುದ���.

ಇದಕ್ಕಿಂತ ನಿತ್ಯದ ತೊಂದರೆಯೊಂದಿದೆ. ಮೊಬೈಲಿನಲ್ಲಿ ಅಕ್ಷರದ ಗಾತ್ರವನ್ನು ಬಳಸುವವರು ತಮಗೆ ಬೇಕಾದಂತೆ ಹಿಗ್ಗಿಸಿಕೊಳ್ಳಬಹುದು. ಆಂಡ್ರಾಯ್ಡ್‌ನ ೨೦೨೩ರ ೧೪ನೆಯ ಆವೃತ್ತಿಯಿಂದ ಇದು ಶೇಕಡಾ ೨೦೦ರ ವರೆಗೆ, ಎಂದರೆ ಎರಡು ಪಟ್ಟು, ಹಿಗ್ಗುತ್ತದೆ. ಆ್ಯಪ್ ಬರೆಯುವಾಗ ಅಕ್ಷರಕ್ಕೆ ಹಿಗ್ಗುವ ಅಳತೆಮಾನವನ್ನೂ, ಚೌಕಟ್ಟಿಗೆ ಹಿಗ್ಗದ ಅಳತೆಮಾನವನ್ನೂ ಕೊಟ್ಟಿದ್ದರೆ, ಅಕ್ಷರ ಬೆಳೆಯುತ್ತದೆ, ಚೌಕಟ್ಟು ನಿಂತಲ್ಲೇ ನಿಲ್ಲುತ್ತದೆ. ಯಾರಿಗೆ ದೊಡ್ಡ ಅಕ್ಷರ ಅತ್ಯಗತ್ಯವೋ ಅವರಿಗೇ ಅರ್ಧ ಅಕ್ಷರ ದೊರೆಯುತ್ತದೆ. ಕಮಲಾಪುರದ ಕಡೆಯ ಒಬ್ಬ ಹಿರಿಯ ತಾಯಿ ಮೊಮ್ಮಗನಿಗೆ ಮೊಬೈಲ್ ತೋರಿಸುತ್ತ, “ಯಪ್ಪಾ, ಇಲ್ಲಿ ಅಕ್ಷರದ ಕಾಲ ಯಾರರೆ ಕೊಯ್ದಾರೇನು ನೋಡು” ಎಂದಿದ್ದರು. “ಆಯಿ, ಸಣ್ಣದು ಮಾಡಿದ್ರ ಬರೋಬ್ಬರಿ ಕಾಣ್ತದ” ಎಂದು ಆತ ಸಣ್ಣದು ಮಾಡಿಕೊಟ್ಟ. ಒತ್ತುಗಳು ಬಂದವು, ಆಯಿಗೆ ಮಾತ್ರ ಏನೂ ಕಾಣಲಿಲ್ಲ.

ಕಟ್ಟುವವರಿಗೆ, ಬಳಸುವವರಿಗೆ

ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಕಲಬುರಗಿಯಲ್ಲಿ ಆರಂಭವಾದುದು ೧೯೫೮ರಲ್ಲಿ. ಶರಣಬಸವ ವಿಶ್ವವಿದ್ಯಾಲಯ ಸ್ಥಾಪನೆಯಾದುದು ೨೦೧೭ರಲ್ಲಿ. ಇಂಥ ಸಂಸ್ಥೆಗಳಲ್ಲಿ ಗಣಕವಿಜ್ಞಾನ ಓದಿ ಹೊರಬೀಳುವ ನಮ್ಮ ಮಕ್ಕಳಿಗೆ ಪದರ, ಗೆರೆ, ಪ್ಯಾಡಿಂಗ್ ಯಾವುದೂ ಹೊಸದಲ್ಲ. ಅವರು ಕಲಿಯುವ ಪುಸ್ತಕಗಳ ಉದಾಹರಣೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕೆಳಮನೆಯ ಪ್ರಶ್ನೆ ಎದುರಾಗುವುದೇ ಇಲ್ಲ, ಅಷ್ಟೇ. ಅವರಲ್ಲಿ ಯಾರಾದರೂ ಮಠಕ್ಕೋ, ದಾಸೋಹ ಸಮಿತಿಗೋ, ವಧೂವರರ ಪರಿಚಯಕ್ಕೋ ಕನ್ನಡದ ಆ್ಯಪ್ ಕಟ್ಟುವಾಗ ಮೊದಲು ಮಾಡಬೇಕಾದುದು, ಚೌಕಟ್ಟಿಗೆ ಇಷ್ಟೇ ಎತ್ತರವೆಂದು ಸಂಖ್ಯೆ ಬರೆಯದಿರುವುದು. ಕನಿಷ್ಠ ಇಷ್ಟಿರಲಿ ಎನ್ನಬಹುದು. ಅದರಾಚೆ ಅಕ್ಷರ ಬೆಳೆದಂತೆ ಬೆಳೆಯಲು ಬಿಡಬೇಕು. ಗೆರೆಯು ಒಳಮುಖವಾಗಿ ಬೀಳುವ ಪದ್ಧತಿಯಾದರೆ ಪ್ಯಾಡಿಂಗ್‌ಗೆ ಗೆರೆಯ ದಪ್ಪವನ್ನೂ ಸೇರಿಸಿಕೊಳ್ಳಬೇಕು. ಸಾಲಿಗೊಂದು ಬಿಳಿಯ ಹಿನ್ನೆಲೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಬೇಕು. ಇಡೀ ಪಟ್ಟಿಗೆ ಒಂದೇ ಹಿನ್ನೆಲೆಯಿದ್ದರೆ ಮುಚ್ಚುವ ಪ್ರಸಂಗವೇ ಬರುವುದಿಲ್ಲ. ಸಾಲುಗಳ ನಡುವೆ ಗೆರೆ ಬೇಕಾದಲ್ಲಿ ಅದನ್ನು ಅಕ್ಷರದ ಪದರಕ್ಕೆ ಅಂಟಿಸದೆ, ಎರಡು ಸಾಲುಗಳ ನಡುವೆ ಪ್ರತ್ಯೇಕ ನೋಟವಾಗಿ ಇಡುವುದು ಹೆಚ್ಚು ಸುರಕ್ಷಿತ. ಸೀಸದ ಪಟ್ಟಿ ಅಲ್ಲಿಯೇ ಇರುತ್ತಿತ್ತು.

ಪರೀಕ್ಷೆಗೆ ಯಾವ ಪದಗಳು ಯೋಗ್ಯ? ‘ಕಲಬುರಗಿ’ ಕೆಲಸಕ್ಕೆ ಬಾರದು. ‘ಲಕ್ಷ್ಮಿ’, ‘ವಸ್ತ್ರ’, ‘ಗುಹೇಶ್ವರ’, ‘ಕೈಲಾಸ’, ‘ಯಡ್ರಾಮಿ’ ಈ ಐದನ್ನು ಒಂದರ ಕೆಳಗೊಂದು ಬರೆದು, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿ ನೋಡಬೇಕು. ಐದೂ ಪೂರ್ತಿಯಾಗಿ ಕಂಡರೆ ವಚನಗಳೂ ಬಹುಮಟ್ಟಿಗೆ ಕಾಣುತ್ತವೆ.

ಬರಿಯ ಓದುಗರಾದ ಮನೆಯವರೂ ಸುಮ್ಮನಿರಬೇಕಾಗಿಲ್ಲ. ಅಕ್ಷರ ಕತ್ತರಿಸಿದಂತೆ ಕಂಡಾಗ ಮೊಬೈಲನ್ನು ಅಡ್ಡ ತಿರುಗಿಸಿರಿ, ಆಮೇಲೆ ಅಕ್ಷರದ ಗಾತ್ರವನ್ನು ಒಂದು ಹಂತ ಇಳಿಸಿ ನೋಡಿರಿ. ಗಾತ್ರ ಇಳಿಸಿದಾಗ ಒತ್ತು ಮರಳಿ ಬಂದರೆ ದೋಷ ಚೌಕಟ್ಟಿನದು. ಆಗಲೂ ಬಾರದಿದ್ದರೆ ಬೆರಳಚ್ಚು ಮಾಡಿದವರದೂ ಇರಬಹುದು. ಮೊದಲನೆಯದಾದರೆ ಆ ಪರದೆಯ ಚಿತ್ರವನ್ನು ತೆಗೆದು, ಯಾವ ಪದದಲ್ಲಿ ಯಾವ ಒತ್ತು ಕಾಣುತ್ತಿಲ್ಲವೆಂದು ಎರಡು ಸಾಲು ಬರೆದು, ಆ್ಯಪ್ ಮಾಡಿದವರಿಗೆ ಕಳಿಸಿರಿ. ಆ್ಯಪ್ ದೊರೆಯುವ ಮಳಿಗೆಯ ಪುಟದಲ್ಲಿಯೇ ಅವರ ಮಿಂಚಂಚೆಯ ವಿಳಾಸ ಸಾಮಾನ್ಯವಾಗಿ ಇರುತ್ತದೆ. ‘ಕನ್ನಡ ಸರಿಯಿಲ್ಲ’ ಎಂದಷ್ಟೇ ಬರೆದರೆ ಕನ್ನಡ ಬಾರದ ತಂತ್ರಜ್ಞರಿಗೆ ಏನೂ ತಿಳಿಯದು. ಸರಿಯಾದ ಪದವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು, ಅದರ ಚಿತ್ರವನ್ನೂ ಜೊತೆಗಿಟ್ಟರೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ ಯಾರಿಗಾದರೂ ವ್ಯತ್ಯಾಸ ಒಡನೆಯೇ ಹೊಳೆಯುತ್ತದೆ.